ಎರಡು ಬಾಯಿಯ ನಾಳೆ

"ಇನ್ನೊಂದ್ ಸಲ ಹಾಕವ್ವ," ಎಂದಳು ಸಬ್ ಇನ್‌ಸ್ಪೆಕ್ಟರ್ ಕಾವೇರಮ್ಮ.

ಸುಮನಾ ಮೊಬೈಲಿನ ಮೇಲೆ ಬೆರಳಿಟ್ಟಳು. ಠಾಣೆಯ ಹಳೇ ಫ್ಯಾನಿನ ಗರಗರ ಸದ್ದಿನ ನಡುವೆ ಆ ದನಿ ಮತ್ತೆ ಎದ್ದು ಬಂತು. ತೆಳ್ಳಗಿನ ಹೆಣ್ಣು ದನಿ. ಆತುರವಿಲ್ಲ, ಅಳುವಿಲ್ಲ. ಕನ್ನಡವಲ್ಲ, ಉರ್ದುವಲ್ಲ, ಕಾವೇರಮ್ಮ ಹುಟ್ಟಿದಾಗಿನಿಂದ ಕೇಳಿದ ಯಾವ ಮಾತೂ ಅಲ್ಲ.

"ತಿಮಾ ನೆರು? ಲೂಮಾ ಹೆಸೆ. ಲೂಮಾ ಹೆಸೆ."

ಸತ್ತವಳ ದನಿ. ಬೈರಮಂಗಲದ ಕೆರೆಯಿಂದ ತೆಗೆದ, ಮುಖವೇ ಗುರುತು ಸಿಗದ ಹೆಣವನ್ನು ಮೈಮೇಲಿನ ಬಟ್ಟೆ ನೋಡಿ, ತಾಯಿಯ ಮಾತಿನ ಮೇಲೆ ಮಹೀನ್ ಎಂದು ತೀರ್ಮಾನಿಸಿ, ಮಣ್ಣು ಮಾಡಿ ತಿಂಗಳ ಮೇಲಾಗಿತ್ತು.

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಅಂಕಯ್ಯ ಕೊರಳಿನ ತಾಯಿತ ಮುಟ್ಟಿಕೊಂಡ. "ಮೇಡಂ, ಇದು ನಮ್ ಕೈಲಾಗೋ ಕೇಸಲ್ಲ. ಯಾರಾದ್ರೂ ಮಂತ್ರಗಾರನ್ನ ಕರ್ಸಿಬುಡಿ."

"ಕರ್ಸ್ತೀನಿ. ನಿನ್ ಡ್ಯೂಟೀನೂ ಅವನಿಗೇ ಹಾಕ್ತೀನಿ. ಸುಮ್ಕೆ ನಿಂತ್ಕೊ." ಕಾವೇರಮ್ಮ ಸುಮನಾಳ ಕಡೆ ತಿರುಗಿದಳು. "ಏನಂತಾಳೆ?"

"'ಎಲ್ಲಿದ್ದೀಯ? ನಾಳೆ ಬಾ. ನಾಳೆ ಬಾ.' ಮೊದಲು ಬಂದ ವಾಯ್ಸ್ ಮೆಸೇಜೂ ಇದೇ ಥರ, ಮೇಡಂ. ಗೊತ್ತಿಲ್ಲದ ನಂಬರಿಂದ."

"ಈ ಮಾತು ಎಷ್ಟು ಜನಕ್ಕೆ ಬತ್ತದೆ?"

"ಇಬ್ಬರಿಗೆ," ಎಂದಳು ಸುಮನಾ. ಆಮೇಲೆ ತಿದ್ದಿಕೊಂಡಳು. "ಈಗ ನನಗೊಬ್ಬಳಿಗೆ."

ಸುಮನಾ ದೊಡ್ಡಮಳೂರಿನವಳು, ಚನ್ನಪಟ್ಟಣದಲ್ಲಿ ಕಾಲೇಜಿನ ಮೇಡಂ. ಮಹೀನ್ ರಾಮನಗರದ ರೇಷ್ಮೆ ನೂಲು ತೆಗೆಯುವ ಬದ್ರುನ್ನೀಸಾಳ ಮಗಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಭಾಷಾಶಾಸ್ತ್ರ ಓದಿದವರು. ರಾಮನಗರದ ಬಂಡೆಗಳ ನಡುವೆ ವೆಬ್ ಸೀರೀಸ್ ತೆಗೆಯುತ್ತಿದ್ದ ಕಂಪನಿಯೊಂದು, ಗುಹೆಯ ಜನ ಆಡಲು ಹೊಸ ಭಾಷೆ ಕಟ್ಟಿಕೊಡಿ ಎಂದು ಇವರನ್ನು ಹಿಡಿದಿತ್ತು. ಬದ್ರುನ್ನೀಸಾಳ ಶೆಡ್ಡಿನಲ್ಲಿ, ಗೂಡು ಬೇಯುವ ಬಿಸಿನೀರಿನ ಬಾನಿಗೂ ನೂಲು ಸುತ್ತುವ ರಾಟೆಗೂ ನಡುವೆ ಕೂತು, ಗೆಳತಿಯರು ಒಂದೊಂದೇ ಪದ ಹುಟ್ಟಿಸಿದರು. ನೂಲುಮಾತು ಅಂತ ಅದಕ್ಕೆ ಹೆಸರಿಟ್ಟಿದ್ದರು.

ಕೇಳಲು ಚೆಂದವೇ. ಆದರೆ ಮಹೀನ್ ಕಾಣೆಯಾದ ಸಂಜೆ ಅವಳ ಜೊತೆ ಗಂಟಲು ಹರಿಯುವಂತೆ ಜಗಳವಾಡಿ ಶೆಡ್ಡಿನಿಂದ ಹೊರಬಿದ್ದವಳು ಇದೇ ಸುಮನಾ. ಬೀದಿಯೇ ನೋಡಿತ್ತು. ಡಿವೈಎಸ್‌ಪಿ ಸಾಹೇಬರು ಬೆಳಗ್ಗೆ ಫೋನಿನಲ್ಲಿ ಹೇಳಿದ್ದರು: ಸೋಮವಾರದೊಳಗೆ ಆ ಹುಡುಗಿಯನ್ನು ಒಳಗೆ ಹಾಕು.

ಮಹೀನ್ ಬದುಕಿದ್ದರೆ ಸುಮನಾ ಮನೆಗೆ. ಸತ್ತಿದ್ದರೆ ಜೈಲಿಗೆ. ಡಿಎನ್‌ಎ ವರದಿ ಲ್ಯಾಬಿನಲ್ಲೇ ಕೂತಿತ್ತು. ಗೋರಿ ತೆಗೆಸೋಣವೆಂದರೆ ಬದ್ರುನ್ನೀಸಾ ಡಿವೈಎಸ್‌ಪಿ ಸಾಹೇಬರ ಆಫೀಸಿನಲ್ಲಿ ನೆಲಕ್ಕೆ ಬಿದ್ದು ಅತ್ತಿದ್ದಳು. ಮಲಗಿರುವ ಮಗುವನ್ನು ಎಬ್ಬಿಸಬೇಡಿ ಎಂದು ಕಾಲು ಹಿಡಿದಿದ್ದಳು. ಅಂಥ ಅಳುವಿನ ಮುಂದೆ ಯಾವ ಅಧಿಕಾರಿ ಸಹಿ ಹಾಕುತ್ತಾನೆ?

"ಜಗಳ ಯಾತಕ್ಕೆ ಆಡ್ದೆ?"

"ಒಂದು ಪದಕ್ಕೆ."

"ಪದಕ್ಕೆ?"

"ಪ್ರಶ್ನೆಯ ಪದಗಳನ್ನೆಲ್ಲ ಮುಗಿಸಿದ್ವಿ ಮೇಡಂ. ತಿಲೊ ಅಂದ್ರೆ ಯಾರು, ತಿಮಾ ಎಲ್ಲಿ, ತಿಕ ಏನು. ಯಾಕೆ ಅನ್ನೋದಕ್ಕೆ ಪದ ಮಾಡೋದೇ ಬೇಡ ಅಂದಿದ್ಲು ಮಹೀನ್. ಯಾಕೆ ಅಂತ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ ಅಂತ."

"ಅದಿಲ್ದಿದ್ರೆ ನಾವು ಸ್ಟೇಷನ್ ಬಾಗ್ಲು ಹಾಕ್ಬೇಕಾಯ್ತದೆ," ಎಂದಳು ಕಾವೇರಮ್ಮ. ಅಂಕಯ್ಯ ಹಲ್ಲು ಬಿಟ್ಟ. ಸುಮನಾ ನಗಲಿಲ್ಲ.

"ಉಳಿದಿದ್ದು 'ಯಾವಾಗ' ಒಂದೇ. ನಾನು ತಿಹ ಅಂತಿಡೋಣ ಅಂದೆ, ಉಳಿದವುಗಳ ಸಾಲಿಗೆ ಬರಲಿ ಅಂತ. ಅವಳು ಒಪ್ಪಲಿಲ್ಲ. ಯಾವಾಗ ಅಂತ ಕೇಳೋರು ಕಾಯ್ತಾ ಇರ್ತಾರೆ, ಕಾಯೋರು ಉಸಿರು ಬಿಡಲ್ಲ, ಹಿಡ್ಕೊಂಡಿರ್ತಾರೆ ಅಂದ್ಲು. ಅದೊಂದು ಪದವನ್ನ ಉಸಿರು ಒಳಕ್ಕೆ ಎಳ್ಕೊಂಡು ಹೇಳಬೇಕು ಅಂದ್ಲು."

ಸುಮನಾ ಅದನ್ನು ಮಾಡಿ ತೋರಿಸಿದಳು. "ಸ್ಸಾ" ಎಂದು ಗಾಳಿ ಹಲ್ಲಿನ ನಡುವೆ ಒಳಗೆ ಹೋಯಿತು. ಗೂಡು ಬೇಯುವ ನೀರಿಗೆ ಬೆರಳದ್ದಿದ ಹೆಂಗಸರು ಉಸಿರೆಳೆದುಕೊಳ್ಳುವ ಹಾಗೆ. ಕಾವೇರಮ್ಮನ ಕೈಮೇಲಿನ ರೋಮ ನಿಂತವು. ತನ್ನ ಮೇಲೇ ಸಿಟ್ಟು ಬಂದು ಕೈ ಉಜ್ಜಿಕೊಂಡಳು.

"ಇದು ಪದ ಅಲ್ಲ, ಉಬ್ಬಸ ಅಂದ್ಬಿಟ್ಟೆ. ಎದ್ದು ಬಂದೆ. ಅಷ್ಟೇ ಮೇಡಂ."

"ನಾಳೆ ಅನ್ನೋಕೆ ಹಿಂಗೇ ಏನಾದ್ರೂ ತರಲೆ ಐತಾ?"

"ನಾಳೆಗೆ ಎರಡು ಬಾಯಿ ಬೇಕು."

"ಅಂದ್ರೆ?"

"ಅವರ ಶೆಡ್ಡಲ್ಲಿ ಸಂಜೆ ಕೆಲಸ ಬಿಡುವಾಗ ಯಾರಾದ್ರೂ 'ನಾಳೆ' ಅಂದ್ರೆ ಇನ್ನೊಬ್ಬರು 'ಇನ್ಶಾ ಅಲ್ಲಾ' ಅನ್ನಲೇಬೇಕು. ಅನ್ನೋವರೆಗೂ ಯಾರೂ ಚಪ್ಪಲಿ ಮೆಟ್ಟಲ್ಲ. ನಾಳೆ ಅನ್ನೋದು ಒಬ್ಬರ ಕೈಲಿಲ್ಲ ಅಂತ. ಮಹೀನ್ ಅದನ್ನೇ ಭಾಷೆಯೊಳಗೆ ಇಟ್ಟಳು. ಒಬ್ಬರು 'ಲೂ' ಅಂದು ನಿಲ್ಲಬೇಕು. ಎದುರಿನವರು 'ಮಾ' ಅಂದ್ರೆ ಮಾತ್ರ ನಾಳೆ ಆಗುತ್ತೆ. ಅನ್ನದಿದ್ರೆ..."

ಸುಮನಾಳ ಕಣ್ಣು ಮೊಬೈಲಿನ ಮೇಲೆ ಹೋಗಿ ಅಂಟಿಕೊಂಡಿತು.

"ಹಂಗಾದ್ರೆ," ಎಂದಳು ಕಾವೇರಮ್ಮ ನಿಧಾನಕ್ಕೆ, "ಇವಳು ಎರಡು ಅರ್ಧಾನೂ ತಾನೇ ಹೇಳ್ಕೊಂಡವ್ಳಲ್ಲ?"

"ಅವಳು ಹಾಗೆ ಹೇಳಲ್ಲ. ಜೀವ ಹೋದ್ರೂ ಹೇಳಲ್ಲ. ನಾನು... ಅವಳ ದನಿ ಕೇಳಿದ್ದೇ ತಲೆ ಗಿರ್ರ್ ಅಂತು ಮೇಡಂ. ಪದದ ಕಡೆ ಕಿವಿಯೇ ಹೋಗಲಿಲ್ಲ."

ಕಾವೇರಮ್ಮ ಟೋಪಿ ಎತ್ತಿಕೊಂಡಳು. "ದನಿ ಅವಳದು, ಮಾತು ಅವಳದಲ್ಲ. ಅಂಕಯ್ಯ, ಜೀಪ್ ತಗಿ. ನಿನ್ ಮಂತ್ರಗಾರ ಶೂಟಿಂಗ್ ಮಾಡ್ತಾವ್ನೆ."

* * *

ಬಂಡೆಯ ಬುಡದಲ್ಲಿ ಬಿಸಿಲು ಬೆಂಕಿಯಂತೆ ಬಿದ್ದಿತ್ತು. ಮೈಗೆಲ್ಲ ಬೂದಿ, ಕೆಮ್ಮಣ್ಣು ಬಳಿದುಕೊಂಡ ಗುಹೆಯ ಜನ ಕೊಡೆಯ ಕೆಳಗೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಮೇಲೆ, ಬಂಡೆಯ ತುದಿಯಲ್ಲಿ, ಭರ್ಜಿ ಹಿಡಿದ ಹೀರೋ ಒಬ್ಬನೇ ನಿಂತಿದ್ದ.

"ಆ್ಯಕ್ಷನ್!"

ಹೀರೋ ಆಕಾಶಕ್ಕೆ ಮುಖವೆತ್ತಿ ಕೂಗಿದ. "ಲೂಮಾ!"

ಎದುರಿನ ಬಂಡೆ ಅದನ್ನು ತಿರುಗಿ ಕೂಗಿತು. ಸುಮನಾ ಕಣ್ಣು ಮುಚ್ಚಿಕೊಂಡಳು. ಕಾವೇರಮ್ಮ ನೆಟ್ಟಗೆ ನಿರ್ದೇಶಕನ ಕುರ್ಚಿಯ ಮುಂದೆ ಹೋಗಿ, ಅವನಿಗೂ ಅವನ ಟಿವಿಗೂ ನಡುವೆ ನಿಂತಳು.

ಮಧುಕುಮಾರ್ ಎಂಬ ಆ ನಿರ್ದೇಶಕನಿಗೆ ಮೂವತ್ತೈದರ ಆಸುಪಾಸು. ತಲೆಗೂದಲು ಹಿಂದಕ್ಕೆ ಜುಟ್ಟು ಕಟ್ಟಿದ್ದ. "ಮೇಡಂ, ಫ್ರೇಮ್ ಮೇಡಂ, ಪ್ಲೀಸ್..."

"ನಾಳೆ ಅಂದ್ನಲ್ಲ ಆವಯ್ಯ. ಒಬ್ನೇ ಅಂದ."

"ಓ, ಅದಾ!" ಮಧುಕುಮಾರ್ ನಕ್ಕ. "ಎರಡು ಜನ ಹೇಳ್ಬೇಕು ಅಂತ ಇವರು ರೂಲ್ ಇಟ್ಟಿದ್ರು. ಹೀರೋ ಒಂಟಿಯಾಗಿ ಬಂಡೆ ಮೇಲೆ ನಿಂತಾಗ ಇನ್ನೊಂದು ಅರ್ಧ ಯಾರು ಹೇಳ್ತಾರೆ, ರಣಹದ್ದಾ? ಅದಕ್ಕೆ ನಾನೇ ಎರಡೂ ಸೇರಿಸಿಬಿಟ್ಟೆ. ಯಾರಿಗೆ ಗೊತ್ತಾಗುತ್ತೆ ಹೇಳಿ?"

"ಯಾವತ್ತು ಸೇರಿಸಿದ್ದು?"

"ಲಾಸ್ಟ್ ವೀಕ್. ಈ ಸೀನ್ ಬರೀವಾಗ."

"ಅದಕ್ ಮುಂಚೆ ಹಿಂಗೆ ಯಾರೂ ಅಂದಿರ್ಲಿಲ್ಲ?"

"ಇಲ್ಲ ಇಲ್ಲ, ಇದು ನನ್ನದೇ ಐಡಿಯಾ."

"ಭೇಷ್," ಎಂದಳು ಕಾವೇರಮ್ಮ. ದನಿ ಬೆಣ್ಣೆಯಂತಿತ್ತು. ಅವಳ ಈ ದನಿ ಗೊತ್ತಿದ್ದ ಅಂಕಯ್ಯ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಲಾಸ್ಟ್ ವೀಕು ನೀನು ಹುಟ್ಸಿದ ಪದಾನ, ಹೋದ ತಿಂಗಳು ಮಣ್ಣಾದೋಳು ಹೆಂಗಪ್ಪ ಕಲ್ತ್ಕೊಂಡ್ಲು?"

ಮಧುಕುಮಾರನ ನಗು ಬಾಯಲ್ಲೇ ಒಣಗಿತು.

"ನನಗೇನೂ..."

"ಮೊಬೈಲ್ ತಗಿ."

"ಮೇಡಂ, ವಾರಂಟ್ ಇಲ್ಲದೆ..."

ಟೇಬಲ್ಲಿನ ಮೇಲಿದ್ದ ಫ್ಲಾಸ್ಕು ಹಾರಿಹೋಗಿ ಬಂಡೆಗೆ ಬಡಿಯಿತು. ಚಿತ್ರಾನ್ನ ತಿನ್ನುತ್ತಿದ್ದ ಗುಹೆಯ ಜನರ ಕೈ ಬಾಯಿಗೆ ಹೋಗದೆ ನಿಂತಿತು. ಎರಡನೇ ಸಲ ಕೇಳುವ ಪ್ರಮೇಯವೇ ಬರಲಿಲ್ಲ. ಮೊಬೈಲು ಬಂತು, ಬ್ಯಾಗಿನೊಳಗಿಂದ ಇನ್ನೊಂದು ಸಣ್ಣ ಮೊಬೈಲೂ ಬಂತು. ಗೊತ್ತಿಲ್ಲದ ನಂಬರಿನ ಸಿಮ್ಮು ಅದರಲ್ಲೇ ಇತ್ತು.

"ಅವಳು ಡಬ್ಬಿಂಗಿಗೆ ಅಂತ ಓದಿದ ರೆಕಾರ್ಡಿಂಗ್ ನಮ್ಮತ್ರ ಇತ್ತು," ಎಂದ ಮಧುಕುಮಾರ್, ತಲೆ ತಗ್ಗಿಸಿ. "ಸಾಫ್ಟ್‌ವೇರಿಗೆ ಕೊಟ್ರೆ ಅದೇ ದನೀಲಿ ಏನು ಬೇಕಾದ್ರೂ ಹೇಳುತ್ತೆ. ಸುಮನಾ ಕೆಲಸ ನಿಲ್ಲಿಸಿಬಿಟ್ರು. ಅರ್ಧ ಸೀರೀಸಿಗೆ ಮಾತೇ ಇಲ್ಲ. ಫ್ರೆಂಡ್ ಕರೀತಿದ್ದಾಳೆ ಅನ್ಸಿದ್ರೆ ಬರ್ತಾರೇನೋ ಅಂತ... ಹೆದರಿಸೋಕಲ್ಲ ಮೇಡಂ. ಜಸ್ಟ್ ಮೋಟಿವೇಟ್ ಮಾಡೋಕೆ."

"ಸತ್ತೋಳ ಬಾಯಿಂದ ಮೋಟಿವೇಟ್ ಮಾಡ್ತೀಯೇನೋ ಬಡ್ಡೀಮಗನೆ!"

ಎತ್ತಿದ ಕೈಯನ್ನು ಕಾವೇರಮ್ಮ ಹೇಗೋ ಇಳಿಸಿಕೊಂಡಳು. ಸುಮನಾ ಮರಳಿನ ಮೇಲೆ ಕುಸಿದು ಕೂತಿದ್ದಳು. ಕಾವೇರಮ್ಮ ಅವಳ ಮುಖ ನೋಡಿದಳು. ಈ ಹುಡುಗಿ ಆ ದನಿಗೆ ಹೆದರಿದ್ದಳು, ನಿಜ. ಆದರೆ ಅದನ್ನೇ ನಂಬಿಯೂ ಇದ್ದಳು. ಎಲ್ಲೋ ಒಂದು ಕಡೆ ಮಹೀನ್ ಇದ್ದಾಳೆ ಎಂದುಕೊಂಡಿದ್ದಳು. ಈಗ ಅದೂ ಹೋಯಿತು. ಸೋಮವಾರ ಬಂದೇ ಬರುತ್ತದೆ.

"ಏಳವ್ವ," ಎಂದಳು.

ಆಗ ಸುಮನಾಳ ಮಡಿಲಲ್ಲಿದ್ದ ಮೊಬೈಲು ಟಿಂಗ್ ಎಂದಿತು.

ಸುಮನಾ ನೋಡಿದಳು. ನೋಡಿದವಳು ಅದನ್ನು ಬಿಸಿ ಕೆಂಡ ಮುಟ್ಟಿದಂತೆ ಮರಳಿಗೆ ಎಸೆದಳು.

ಕಾವೇರಮ್ಮ ಎತ್ತಿಕೊಂಡಳು. ಪರದೆಯ ಮೇಲೆ ಕನ್ನಡಕದ ಹುಡುಗಿಯೊಬ್ಬಳ ಫೋಟೋ. ಹೆಸರು ಮಹೀನ್. ಇದು ಗೊತ್ತಿಲ್ಲದ ನಂಬರಲ್ಲ. ಮಹೀನಳದೇ ನಂಬರು. ಅವಳ ಜೊತೆಗೇ ಕಾಣೆಯಾಗಿ, ಅಂದಿನಿಂದ ಒಂದು ಸಲವೂ ಆನ್ ಆಗದ ಮೊಬೈಲು.

ಕಾವೇರಮ್ಮ ಮಧುಕುಮಾರನ ಕಡೆ ನೋಡಿದಳು. ಅವನ ಎರಡೂ ಮೊಬೈಲು ಅವಳ ಎಡಗೈಯಲ್ಲಿದ್ದವು. ಅವನ ಲ್ಯಾಪ್‌ಟಾಪನ್ನು ಅಂಕಯ್ಯ ಕಂಕುಳಲ್ಲಿ ಇಟ್ಟುಕೊಂಡಿದ್ದ.

"ನಾನಲ್ಲ," ಎಂದ ಮಧುಕುಮಾರ್. ಅವನ ತುಟಿ ಬಿಳಿಚಿತ್ತು. "ದೇವರಾಣೆ ನಾನಲ್ಲ ಮೇಡಂ."

ಕಾವೇರಮ್ಮ ಬಂದಿದ್ದ ವಾಯ್ಸ್ ಮೆಸೇಜನ್ನು ಒತ್ತಿದಳು.

ಮೊದಲು ಬರೀ ಸದ್ದು. ಏನೋ ತಿರುಗುತ್ತಿರುವ ಸದ್ದು, ದೂರದಲ್ಲಿ. ಆಮೇಲೆ ದನಿ. ಅದೇ ದನಿ, ಆದರೆ ಒಡೆದಿತ್ತು. ತುಂಬ ದಿನ ಯಾರ ಜೊತೆಗೂ ಮಾತಾಡದವರ ದನಿಯಂತೆ. ತಿಲೊ ಎಂಬುದೊಂದು ಪದ ಮಾತ್ರ ಕಾವೇರಮ್ಮನಿಗೆ ತಿಳಿಯಿತು. ಯಾರು. ಏನೋ ಕೇಳಿತು ದನಿ, ನಿಂತಿತು. ಆಮೇಲೆ ಉಸಿರು ಒಳಕ್ಕೆ ಹೋಯಿತು.

ಸ್ಸಾ.

ಅಂಕಯ್ಯನ ಕೈ ಮತ್ತೆ ತಾಯಿತಕ್ಕೆ ಹೋಯಿತು.

ಮತ್ತೆ ಒಂದೆರಡು ಪದ. ಕೊನೆಗೆ, ಮೆಲ್ಲಗೆ, "ಲೂ..."

ಅಷ್ಟೇ. ಆಮೇಲೆ ಮಾತಿಲ್ಲ. ಆದರೆ ರೆಕಾರ್ಡಿಂಗ್ ಮುಗಿಯಲಿಲ್ಲ. ಏನೋ ತಿರುಗುವ ಸದ್ದು ಮಾತ್ರ ಬರುತ್ತಲೇ ಇತ್ತು. ಆ ಕಡೆ ಯಾರೋ ಉತ್ತರಕ್ಕೆ ಕಾಯುತ್ತ ಕೂತಿದ್ದರು.

ಸುಮನಾಳ ಬಾಯಿ ತೆರೆಯಿತು. ಇನ್ನೇನು ಆ ಅರ್ಧ ಹೊರಗೆ ಬರಬೇಕು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಿನ್ ಮಿಷನ್ನು ಹಿಂಗೆ ಉಸಿರೆಳೀತದಾ?" ಕಾವೇರಮ್ಮ ಮಧುಕುಮಾರನನ್ನು ಕೇಳಿದಳು.

"ಇಲ್ಲ ಮೇಡಂ. ಉಸಿರಿನ ಸದ್ದನ್ನೆಲ್ಲ ಅದು ಅಳಿಸಿ ಹಾಕುತ್ತೆ. ಈ ಪದಾನೇ ನನ್ನತ್ರ ಇಲ್ಲ. ಇದೇನು ಅಂತಾನೂ ಗೊತ್ತಿಲ್ಲ."

"ಇದು ನನಗೂ ಅವಳಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ," ಎಂದಳು ಸುಮನಾ ಕೈಯ ಹಿಂದಿನಿಂದ. "ಆ ಸಂಜೆ ಹುಟ್ಟಿದ ಪದ. ಆಮೇಲೆ ನಾವು ಮಾತೇ ಆಡಿಲ್ಲ."

"ಯಾವತ್ತೋ ರೆಕಾರ್ಡ್ ಮಾಡಿ ಇಟ್ಟಿದ್ದನ್ನ ಈಗ ಕಳಿಸಿರ್ಬೋದಲ್ವಾ? ಏನಂತಾಳೆ, ಅದ್ ಹೇಳು ಮೊದ್ಲು."

ಸುಮನಾ ಕೈ ಇಳಿಸಿದಳು. ಪಾಠ ಒಪ್ಪಿಸುವವಳಂತೆ, ಪದ ಪದ ಬಿಡಿಸಿ ಹೇಳಿದಳು.

"'ನನ್ನ ಗೋರಿಯಲ್ಲಿ ಯಾರು ಮಲಗಿದ್ದಾರೆ? ಯಾವಾಗ ಎಬ್ಬಿಸ್ತೀರಿ ಅವಳನ್ನ?'"

ಮೇಲೆ ಬಂಡೆಯ ತುದಿಯಲ್ಲಿ ಹೀರೋ ಇನ್ನೂ ಭರ್ಜಿ ಹಿಡಿದೇ ನಿಂತಿದ್ದ. ಅವನಿಗೆ ಕಟ್ ಹೇಳುವುದನ್ನು ಎಲ್ಲರೂ ಮರೆತಿದ್ದರು.

* * *

ಸೈಬರ್ ಸೆಲ್ಲಿನವರು ಟವರ್ ಹುಡುಕಿ ಹೇಳುವ ಹೊತ್ತಿಗೆ ಜೀಪು ಊರೊಳಗೆ ಬಂದಿತ್ತು. ಅಂಕಯ್ಯ ಮೊಬೈಲು ಕಿವಿಯಿಂದ ತೆಗೆದ.

"ರೇಷ್ಮೆ ಶೆಡ್ಡುಗಳ ಬೀದಿ ಕಡೆ ಟವರ್ ಮೇಡಂ. ಎರಡೇ ನಿಮಿಷ ಆನ್ ಆಗಿ ಆಫ್ ಆಗೈತೆ."

ಹಿಂದೆ ಕೂತಿದ್ದ ಸುಮನಾ ಅಳುತ್ತ ನಗುತ್ತಿದ್ದಳು. "ಇದ್ದಾಳೆ ಮೇಡಂ. ಇದ್ದಾಳೆ. ಮಹೀನ್ ಅಮ್ಮಿಗೆ ನಾನೇ ಹೇಳ್ತೀನಿ, ನಾನೇ ಹೇಳ್ತೀನಿ."

"ನೀನ್ ಬಾಯಿ ಬಿಡಕೂಡ್ದು. ನಾನ್ ಹೇಳೋಗಂಟ."

ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಬೆ, ಬೆಂದ ಹುಳುವಿನ ಕಮಟು ವಾಸನೆ. ಕೆಲಸದ ಹೆಂಗಸರು ಊಟಕ್ಕೆ ಹೋಗಿದ್ದರು. ಬದ್ರುನ್ನೀಸಾ ಒಬ್ಬಳೇ ಬಾನಿಯ ಮುಂದೆ ಕೂತು, ಬಿಸಿನೀರಿನಲ್ಲಿ ಕುಣಿಯುವ ಗೂಡುಗಳ ಎಳೆ ಹುಡುಕುತ್ತಿದ್ದಳು. ಬೆರಳ ತುದಿಗಳು ನೀರಿನಲ್ಲಿ ಬೆಂದು ಬೆಂದು ಬೆಳ್ಳಗಾಗಿದ್ದವು. ಅವಳ ಹಿಂದೆ ರಾಟೆ ತಿರುಗುತ್ತಿತ್ತು, ರೆಕಾರ್ಡಿಂಗಿನಲ್ಲಿ ಕೇಳಿದ್ದ ಅದೇ ಸದ್ದು.

"ಬನ್ನಿ ಮೇಡಂ. ಸುಮ್ಮಿ, ನೀನೂ ಬಂದ್ಯಾ ಬೇಟಿ. ಚಾ ತರಿಸ್ಲಾ?"

"ಚಾ ಬ್ಯಾಡ ಕಣಮ್ಮ. ಒಸಿ ಇದನ್ನ ಕೇಳು."

ಕಾವೇರಮ್ಮ ಮೊಬೈಲನ್ನು ಬಾನಿಯ ಕಟ್ಟೆಯ ಮೇಲಿಟ್ಟು ಒತ್ತಿದಳು.

ದನಿ ಬಂತು. ಪ್ರಶ್ನೆ ಬಂತು. ಉಸಿರು ಒಳಕ್ಕೆ ಹೋಯಿತು. ಅರ್ಧ ನಾಳೆ ಬಂದು ನಿಂತಿತು.

ಬದ್ರುನ್ನೀಸಾಳ ಕೈ ನಿಲ್ಲಲಿಲ್ಲ. ಎಳೆ ಸಿಕ್ಕಿತು, ಎತ್ತಿದಳು, ಉಳಿದ ಎಳೆಗಳಿಗೆ ಸೇರಿಸಿದಳು. ಕಣ್ಣು ನೀರಿನ ಮೇಲೇ ಇತ್ತು.

ಕಾವೇರಮ್ಮ ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಎಷ್ಟೋ ತಾಯಂದಿರಿಗೆ ಎಷ್ಟೋ ಸುದ್ದಿ ಹೇಳಿದ್ದಾಳೆ. ಕೂಗಿದವರಿದ್ದಾರೆ, ಹೊಡೆದವರಿದ್ದಾರೆ, ಕಲ್ಲಾಗಿ ನಿಂತವರಿದ್ದಾರೆ. ಸತ್ತ ಮಗಳ ದನಿ ಕೇಳಿಯೂ ಕೆಲಸ ಮುಂದುವರಿಸಿದವರನ್ನು ನೋಡಿರಲಿಲ್ಲ.

"ಯಾರ ದನಿ ಅಂತಾನಾದ್ರೂ ಕೇಳ್ಬೇಕಲ್ವಾ ಬದ್ರಮ್ಮ?"

"ಮಗಳ ದನಿ ತಾಯಿಗೆ ಗೊತ್ತಾಗಲ್ವಾ ಮೇಡಂ."

"ಅದೇ ನಾನೂ ಅಂದ್ಕೊಂಡೆ." ಕಾವೇರಮ್ಮ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಮುಖಕ್ಕೆ ಹಬೆ ಬಡಿಯಿತು. ಮಣ್ಣು ಮಾಡಿದ ದಿನ ಅವಳೇ ಈ ಮನೆಯ ಮುಂದೆ ಬಂದೋಬಸ್ತಿಗೆ ನಿಂತಿದ್ದಳು. ಪರದೆಯ ಹಿಂದೆ ನೀರು ಸುರಿಯುವ ಸದ್ದು ಈಗ ಕಿವಿಗೆ ಬಂದಿತು. ಬಹಳ ಹೊತ್ತು ಸುರಿದಿತ್ತು ಆ ನೀರು. "ಆವತ್ತು ಗುಸಲ್ ಕೊಟ್ಟಿದ್ದು ಯಾರು? ಮಣ್ಣಿಗೆ ಮುಂಚೆ ಮೈ ತೊಳ್ದಿದ್ದು?"

ರಾಟೆ ತಿರುಗುತ್ತಿತ್ತು.

"ನಾನು."

"ಜೊತೆಗೆ ಯಾರಿದ್ರು?"

"ಯಾರೂ ಇಲ್ಲ. ಎಲ್ಲರನ್ನೂ ಆಚೆಗೆ ಕಳಿಸ್ದೆ."

"ಮುಖ ಗುರ್ತು ಸಿಕ್ತಿರ್ಲಿಲ್ಲ, ಒಪ್ಕೋತೀನಿ. ಮೈ? ನೀನು ಹೆತ್ತು, ಎಣ್ಣೆ ಹಚ್ಚಿ, ಬೆಳೆಸಿದ ಮೈ ಅದು. ನೆತ್ತಿಯಿಂದ ಕಾಲುಗುರಿನಗಂಟ ನೀನೇ ನೀರು ಹಾಕಿ ತೊಳ್ದೆ."

"ತೊಳೆದೆ."

"ಅಮ್ಮಿ?" ಎಂದಳು ಸುಮನಾ. ಅವಳ ಮುಖದ ಮೇಲಿದ್ದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಿತ್ತು. "ನನ್ನನ್ನ ಜೈಲಿಗೆ ಹಾಕ್ತಾರೆ ಅಂತ ಗೊತ್ತಿತ್ತಲ್ಲ ಅಮ್ಮಿ, ನಿಮಗೆ?"

ಬದ್ರುನ್ನೀಸಾ ರಾಟೆಗೆ ಕೈ ಕೊಟ್ಟು ನಿಲ್ಲಿಸಿದಳು. ಬಿಗಿದಿದ್ದ ಎಳೆಗಳೆಲ್ಲ ಸಡಿಲಗೊಂಡು ನೀರಿಗೆ ಬಿದ್ದವು. ಅವಳು ಸುಮನಾಳ ಕಡೆ ನೋಡಲಿಲ್ಲ. ಬೆಳ್ಳಗೆ ಬೆಂದ ತನ್ನ ಹತ್ತು ಬೆರಳನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

"ಯಾರಮ್ಮ ಅವಳು?" ಕಾವೇರಮ್ಮನ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಹೆಸರು ಗೊತ್ತಿಲ್ಲ ಮೇಡಂ," ಎಂದಳು ಬದ್ರುನ್ನೀಸಾ. "ಆದ್ರೆ ಅವಳಿಗೂ ಯಾರಾದ್ರೂ ನೀರು ಹಾಕ್ಬೇಕಿತ್ತಲ್ಲ."